ಜೂನಿಯರ್ ಭಾವನ ಪಕ್ಕದಲ್ಲಿ ಮೈಕು ಹಿಡಿದ ವರ್ಷಗಳು

ನಿರೂಪಣೆಯ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನ ಮನೆಗೆ ಬಂದು ಕೇಳುವ ಮೊದಲ ಪ್ರಶ್ನೆ, “ಮಿಸ್, ವಾಯ್ಸ್ ಚೆನ್ನಾಗ್ ಆಗ್ಬೇಕಂದ್ರೆ ಏನ್ ಮಾಡ್ಬೇಕು?” ಎಂಬುದು. ಧ್ವನಿ ಕಳೆದುಕೊಂಡು ಮನೆಯಲ್ಲಿ ಕುಳಿತವಳಲ್ಲಿ ಇದನ್ನು ಕೇಳುವುದು ಬೋಳುತಲೆಯವನ ಬಳಿ ಬಾಚಣಿಗೆಯ ಗುಣ ವಿಚಾರಿಸಿದಂತೆ. ನನಗೆ ಐವತ್ತಮೂರು ವರ್ಷವಾದಾಗ ವೈದ್ಯರು ಗಂಟಲೊಳಗೆ ದೀಪ ಹಾಯಿಸಿ ನೋಡಿ, ಧ್ವನಿತಂತುಗಳ ಮೇಲೆ ಗಂಟುಗಳಾಗಿವೆ, ಇನ್ನು ಮೈಕು ಮುಟ್ಟಬೇಡಿ ಎಂದರು. ಅಲ್ಲಿಗೆ ನನ್ನ ವೃತ್ತಿ ಮುಗಿಯಿತು. ಆದುದರಿಂದ ಬಾಯಲ್ಲಿ ಹೇಳಬೇಕಾದುದನ್ನು ಬರೆದು ಹೇಳುತ್ತಿದ್ದೇನೆ.

ನನಗೆ ಸಿಕ್ಕಿದ ಶಾಲು, ಹಾರ, ಫಲಕಗಳ ವಿಷಯವನ್ನು ಬಿಟ್ಟುಬಿಡುತ್ತೇನೆ. ಶಾಲುಗಳೆಲ್ಲ ಒಂದೇ ಅಳತೆಯವು. ಬರೆಯಬೇಕೆನ್ನಿಸುವುದು ಬೇರೆಯೇ ಇದೆ. ಜನ ಪ್ರಾಣದಂತೆ ಪ್ರೀತಿಸಿದ ಒಬ್ಬ ನಟರು ಕಣ್ಣೆದುರಿಗೇ ಮುದುಕರಾದರು, ಅನಂತರ ತೀರಿಕೊಂಡರು. ಆ ಪ್ರೀತಿಯನ್ನು ನಂಬಿ, ಅವರದೇ ವೇಷ ಹಾಕಿಕೊಂಡು ವೇದಿಕೆ ಹತ್ತುತ್ತಿದ್ದ ನಮ್ಮ ಹನುಮಂತರಾಯಪ್ಪನವರು ಆಮೇಲೆ ಏನು ಮಾಡಬೇಕಾಗಿತ್ತು? ಈ ಪ್ರಶ್ನೆಗೆ ಉತ್ತರವನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ನಾನು ಮೂಲತಃ ಕನ್ನಡ ಅಧ್ಯಾಪಕಿ. ರಾಜಾಜಿನಗರದ ಒಂದು ಶಾಲೆಯಲ್ಲಿ ಹದಿನೆಂಟು ವರ್ಷ ಸಂಧಿ ಸಮಾಸಗಳನ್ನು ಕಲಿಸಿದವಳು. ಶಾಲೆಯ ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಲು ಬರುತ್ತಿದ್ದ ವಿಜಯನಗರದ ಗೋವಿಂದರಾಜು ಎಂಬವರು ಒಂದು ಆರ್ಕೆಸ್ಟ್ರಾವನ್ನೂ ನಡೆಸುತ್ತಿದ್ದರು. ನಮಗೆಲ್ಲ ಅವರು ಗೋವಿಂದಣ್ಣ. ಒಂದು ಸಂಜೆ ಅವರ ನಿರೂಪಕ ಕೈಕೊಟ್ಟ. ಗೋವಿಂದಣ್ಣ ನೇರವಾಗಿ ನಮ್ಮ ಸ್ಟಾಫ್ ರೂಮಿಗೆ ಬಂದು, “ಮಿಸ್, ನೀವು ಮಾತಾಡಿದ್ರೆ ಮಕ್ಕಳು ಗಪ್‌ಚುಪ್ ಆಗ್ತವೆ. ಮಾರೇನಹಳ್ಳೀಲಿ ಅಣ್ಣಮ್ಮ ದೇವೀನ ಕೂರ್ಸವ್ರೆ, ನಮ್ದು ಆರ್ಕೆಸ್ಟ್ರಾ ಇದೆ. ಒಂದೇ ಒಂದು ದಿನ ಬಂದು ಮಾನ ಉಳಿಸ್ಬಿಡಿ” ಎಂದರು.

ಮಾನ ಉಳಿಸಲು ಹೋದೆ. ಅಲ್ಲಿ ಐನೂರು ಜನ ಏಕಕಾಲಕ್ಕೆ ಮಾತನಾಡುತ್ತಿದ್ದರು. ನಾನು ಮನೆಯಲ್ಲಿ ಸಿದ್ಧಪಡಿಸಿಕೊಂಡಿದ್ದ ಸ್ವಾಗತವಾಕ್ಯದಲ್ಲಿ ಮೂವತ್ತೆಂಟು ಪದಗಳೂ ಒಂದು ಕ್ರಿಯಾಪದವೂ ಇದ್ದವು. ಕ್ರಿಯಾಪದವನ್ನು ತಲುಪುವಷ್ಟರಲ್ಲಿ ಗದ್ದಲ ಇಮ್ಮಡಿಯಾಗಿತ್ತು. ಕೈಯಲ್ಲಿರುವುದು ಮೈಕೆಂಬುದನ್ನು ಮರೆತು, “ಹಿಂದಿನ ಸಾಲಿನವರೇ, ಮಾತು ನಿಲ್ಲಿಸಿ! ಕೈಕಟ್ಟಿ ಕುಳಿತುಕೊಳ್ಳಿ!” ಎಂದು ಗದರಿಸಿಬಿಟ್ಟೆ. ಕುಳಿತರು! ಕೈಕಟ್ಟಿ ಕುಳಿತರು! ತರಕಾರಿ ಮಾರುವವರು, ಬಸ್ಸಿನ ಕಂಡಕ್ಟರುಗಳು, ಹೆಗಲ ಮೇಲೆ ಮೊಮ್ಮಕ್ಕಳನ್ನು ಹೊತ್ತವರು ಎಲ್ಲರೂ ಕುಳಿತರು. ಆ ನಿಶ್ಶಬ್ದದಲ್ಲಿ ದಪ್ಪ ಮೀಸೆಯ ಒಬ್ಬರು ಎದ್ದು ನಿಂತು, ಕಿರುಬೆರಳೆತ್ತಿ, “ಮಿಸ್, ಒಂದಕ್ಕೆ ಹೋಗ್ಬೋದಾ?” ಎಂದರು. ಐನೂರು ಜನರ ನಗೆ ಒಂದೇ ಸಲ ಎದೆಗೆ ಬಂದು ಬಡಿದರೆ ಹೇಗಿರುತ್ತದೆಂದು ನನಗೆ ಅಂದು ತಿಳಿಯಿತು. ಮರುದಿನ ಮನೆಪಾಠ ಬರೆಯದೆ ಬಂದ ಹುಡುಗರನ್ನು ಬೈಯಲೂ ಮನಸ್ಸಾಗಲಿಲ್ಲ. ಮುಂದಿನ ತಿಂಗಳಿಂದ ಸಂಜೆಗಳು ಗೋವಿಂದಣ್ಣನವರ ಪಾಲಾದವು. ಕೆಲವು ವರ್ಷಗಳ ಬಳಿಕ ಹಗಲುಗಳೂ ಆದವು. ಶಾಲೆ ಬಿಟ್ಟೆ.

ಗೋವಿಂದಣ್ಣನವರ ಆರ್ಕೆಸ್ಟ್ರಾದ ಜೀವಾಳ ಗಾಯಕರಲ್ಲ, ಹನುಮಂತರಾಯಪ್ಪ. ಇವರು ಜೂನಿಯರ್ ಭಾವ.

ಭಾವ ಯಾರೆಂಬುದನ್ನು ಹೇಳಬೇಕು. ಅವರು ಒಂದು ಕಾಲದ ದೊಡ್ಡ ನಟರು. ಹೆಸರನ್ನು ನಾನು ಬರೆಯುವುದಿಲ್ಲ. ಅಭಿಮಾನಿಗಳೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿನ ಅಕ್ಕತಂಗಿಯರೆಲ್ಲ ಅವರಿಗೆ ಮನಸ್ಸು ಕೊಟ್ಟ ಮೇಲೆ ಉಳಿದ ಗಂಡಸರಿಗೆ ಅವರು ಭಾವನಲ್ಲದೆ ಇನ್ನೇನಾಗಬೇಕು ಎಂಬುದು ತರ್ಕ. ತರ್ಕದಲ್ಲಿ ದೋಷವಿಲ್ಲ. ಚಿತ್ರಗಳಲ್ಲಿ ಅವರದೊಂದು ನಡಿಗೆಯಿತ್ತು. ನಾಯಕಿಗೆ ಬೆನ್ನು ಹಾಕಿ ಮೂರು ಹೆಜ್ಜೆ ನಡೆದು, ಗಕ್ಕನೆ ನಿಂತು, ಕುತ್ತಿಗೆಯನ್ನು ಮಾತ್ರ ತಿರುಗಿಸಿ ಬಲಹುಬ್ಬನ್ನು ಏರಿಸುತ್ತಿದ್ದರು. ಅಷ್ಟೇ. ಅದಕ್ಕೆ ಚಿತ್ರಮಂದಿರಗಳ ಕುರ್ಚಿಗಳು ಮುರಿದಿವೆ.

ಹನುಮಂತರಾಯಪ್ಪ ಮಾರೇನಹಳ್ಳಿಯ ಒಂದು ಹೊಂಗೆಮರದ ಕೆಳಗೆ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಮೂಗು ಮತ್ತು ಭುಜಗಳನ್ನು ದೇವರು ಭಾವನ ಅಳತೆಗೇ ಕೊಟ್ಟಿದ್ದ. ಉಳಿದುದನ್ನು ವಿಗ್ಗು, ಕಾಡಿಗೆ, ಕೊರಳ ಕರವಸ್ತ್ರ ತುಂಬಿಕೊಡುತ್ತಿದ್ದವು. ಹಗಲು ಇದ್ದಿಲ ಪೆಟ್ಟಿಗೆ ಎತ್ತುತ್ತಿದ್ದ ಮನುಷ್ಯ ಸಂಜೆ ಅದೇ ಕೈಯನ್ನು ಸೊಂಟಕ್ಕಿಟ್ಟು ನಿಂತರೆ ಹೆಂಗಸರು ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ಅವರ ಅಂಗಿಯ ಮಡಿಕೆಯಂತೂ ಸಾಕ್ಷಾತ್ ಭಾವನಿಗೂ ಸಿಕ್ಕಿರಲಾರದು.

ಇವರನ್ನು ಮೊದಲ ಸಲ ವೇದಿಕೆಗೆ ಕರೆಯುವಾಗ ನಾನು ಮಾಡಿದ ಪ್ರಮಾದವನ್ನು ನೀವು ಮಾಡಬೇಡಿ. ಗೋವಿಂದಣ್ಣ, “‘ಇಗೋ ಬಂದ್ರು ಭಾವ!’ ಅಷ್ಟೇ ಅನ್ನಿ ಮಿಸ್. ಜೂನಿಯರ್ ಗೀನಿಯರ್ ಅನ್ಬೇಡಿ” ಎಂದು ಕಿವಿಯಲ್ಲಿ ಹೇಳಿದ್ದರು. ಸುಳ್ಳನ್ನು ಧ್ವನಿವರ್ಧಕದಲ್ಲಿ ಹೇಳಲು ನನಗೆ ಮನಸ್ಸೊಪ್ಪಲಿಲ್ಲ. “ಇದೀಗ, ಸುಪ್ರಸಿದ್ಧ ನಟರನ್ನು ರೂಪದಲ್ಲಿ ಬಹುಮಟ್ಟಿಗೆ ಹೋಲುವ ಶ್ರೀ ಹನುಮಂತರಾಯಪ್ಪನವರು ತಮ್ಮ ಅನುಕರಣೆಯನ್ನು ಪ್ರಸ್ತುತಪಡಿಸಲಿದ್ದಾರೆ” ಎಂದೆ. ಕರವಸ್ತ್ರ ಕಟ್ಟಿಕೊಂಡು ಸಿದ್ಧರಾಗಿದ್ದ ಹನುಮಂತರಾಯಪ್ಪ ಪರದೆಯ ಪಕ್ಕದಲ್ಲಿ, ಹಾಜರಿ ಕೂಗಿದಾಗ ನಿಲ್ಲುವ ಹುಡುಗನಂತೆ ನಿಂತುಬಿಟ್ಟರು. ಒಂದು ಚಪ್ಪಾಳೆಯಿಲ್ಲ. ಮುಂದಿನ ಸಾಲಿನಿಂದ ಒಬ್ಬ ಹೆಂಗಸು, “ಅಲ್ಲ ಮಿಸ್, ಇವ್ರು ಇಸ್ತ್ರಿ ಅಂಗ್ಡಿ ಹನುಮಂತಣ್ಣ ಅಂತ ನಮ್ಗ್ ಗೊತ್ತಿಲ್ವಾ? ನಮ್ಮನೆ ಬಟ್ಟೆ ಇವ್ರತ್ರಾನೇ ಇದೆ! ಗೊತ್ತಿದ್ದೇ ಬಂದಿದೀವಿ, ನೀವ್ ಸುಮ್ನೆ ಕರೀರಿ!” ಎಂದರು.

ನನ್ನ ಇಡೀ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ಎಲ್ಲರಿಗೂ ಗೊತ್ತಿದ್ದು, ಎಲ್ಲರೂ ಕೂಡಿ ಒಪ್ಪಿಕೊಂಡ ಸುಳ್ಳು ಸುಳ್ಳಲ್ಲ, ಅದು ಹಬ್ಬ. “ಇಗೋ ಬಂದ್ರು ಭಾವ!” ಎಂದೆ. ಮೂರು ಹೆಜ್ಜೆ, ಕುತ್ತಿಗೆ, ಹುಬ್ಬು. ಶಾಮಿಯಾನದ ಕಂಬ ಅಲ್ಲಾಡಿತು.

ಈಗ ವಯಸ್ಸಿನ ವಿಷಯಕ್ಕೆ ಬರೋಣ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಭಾವ ಚಿತ್ರಗಳಲ್ಲಿ ಅಪ್ಪನಾದರು, ಬಳಿಕ ಅಜ್ಜನಾದರು. ಅಭಿಮಾನಿಗಳು ಮೊದಲ ದಿನದ ಮೊದಲ ಆಟಕ್ಕೇ ಹೋಗುತ್ತಿದ್ದರು. ಹೊರಗೆ ಬರುವಾಗ ಮಾತ್ರ ಮುಖ ಊದಿಸಿಕೊಂಡು ಬರುತ್ತಿದ್ದರು. ಮೂಡಲಪಾಳ್ಯದಲ್ಲಿ ಭಾವನ ಅಭಿಮಾನಿ ಸಂಘವಿತ್ತು. ಅದರ ಅಧ್ಯಕ್ಷರು ಪಾಪಣ್ಣನೆಂಬ ಆಟೋ ಚಾಲಕರು. ನಮ್ಮ ಆರ್ಕೆಸ್ಟ್ರಾಕ್ಕೆ ವರ್ಷಕ್ಕೆರಡು ಕಾರ್ಯಕ್ರಮ ಅವರಿಂದಲೇ ಖಾಯಂ. ಒಂದು ಚಿತ್ರ ನೋಡಿ ಬಂದವರೇ ಆಟೋವನ್ನು ನಮ್ಮ ಮನೆಯೆದುರು ನಿಲ್ಲಿಸಿ, “ಡೈರೆಕ್ಟರ್‌ಗೆ ತಲೆ ನೆಟ್ಟಗಿಲ್ಲ ಮಿಸ್! ಭಾವಂಗೆ ಮೊಮ್ಮಗು ಕೊಟ್ಟವ್ನೆ! ಅದ್ನ ಎತ್ಕೊಂಡು ಭಾವ ಪಾರ್ಕಲ್ಲಿ ಕೂತವ್ರೆ!” ಎಂದು ಕಣ್ಣಲ್ಲಿ ನೀರು ತಂದುಕೊಂಡರು.

“ನಿಮಗೂ ಮೊಮ್ಮಗಳಿದ್ದಾಳಲ್ಲ ಪಾಪಣ್ಣ?” ಎಂದು ಕೇಳಿದೆ.

“ನಾನು ಹೀರೋನಾ ಮಿಸ್? ನಂಗೆ ಆಗ್ಬೋದು.”

ಆ ವಾರವೇ ಸಂಘದ ತುರ್ತುಸಭೆ ನಡೆದು ಒಂದು ನಿರ್ಣಯವಾಯಿತು. ನಿರ್ಣಯವನ್ನು ಶುದ್ಧಭಾಷೆಯಲ್ಲಿ ಬರೆದುಕೊಟ್ಟವಳು ನಾನೇ: ಮೂಡಲಪಾಳ್ಯದ ಎಲ್ಲೆಯೊಳಗೆ ಭಾವನ ವಯಸ್ಸು ಮೂವತ್ತೆರಡು, ಯಾವುದೇ ವೇದಿಕೆಯಲ್ಲಿ ಅವರನ್ನು ಇದಕ್ಕೆ ಮೇಲ್ಪಟ್ಟ ವಯಸ್ಸಿನಲ್ಲಿ ತೋರಿಸತಕ್ಕದ್ದಲ್ಲ. ಸರ್ವಾನುಮತದಿಂದ ಅಂಗೀಕಾರವಾಯಿತು. ಅನುಮೋದಿಸಿ ಕೈಯೆತ್ತಿದವರಲ್ಲಿ ಒಬ್ಬರಿಗೆ ಭುಜ ಹಿಡಿದುಕೊಂಡು, ಎತ್ತಿದ ಕೈ ಕೆಳಗೆ ಬಾರದೆ, ಇಬ್ಬರು ಸೇರಿ ಇಳಿಸಬೇಕಾಯಿತು.

ಹೌದು, ಅವರೂ ಮುದುಕರಾಗುತ್ತಿದ್ದರು. ಮೊದಲು ಜಮಖಾನದ ಮೇಲೆ ಕೂರುತ್ತಿದ್ದವರು ಕುರ್ಚಿ ಕೇಳತೊಡಗಿದರು. ಸದ್ದು ಕಡಿಮೆ ಮಾಡಿ ಎನ್ನುವವರು, ಇನ್ನೂ ಜೋರಾಗಿಡಿ ಎನ್ನುವವರು ಎಂದು ಎರಡು ಬಣಗಳಾದವು. ಒಮ್ಮೆ ಬಸವೇಶ್ವರನಗರದ ಕಾರ್ಯಕ್ರಮದಲ್ಲಿ ಹುಬ್ಬು ಏರಿದ ಕ್ಷಣದಲ್ಲಿಯೇ ಒಬ್ಬ ಹಿರಿಯರು ಹಳೆಯ ಅಭ್ಯಾಸದಂತೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆಯಲು ಹೋದರು. ಶಿಳ್ಳೆ ಬರಲಿಲ್ಲ, ಹೊಸದಾಗಿ ಕಟ್ಟಿಸಿದ್ದ ಹಲ್ಲಿನ ಸೆಟ್ಟು ಹಾರಿ ಬಂದು ವೇದಿಕೆಯ ಅಂಚಿನಲ್ಲಿ ಬಿತ್ತು. ನಾನು ಮೈಕು ಹಿಡಿದು ಕಲ್ಲಾದೆ. ಇಂಥ ಸಂದರ್ಭಕ್ಕೆ ಸ್ವಾಗತವೂ ಇಲ್ಲ, ವಂದನಾರ್ಪಣೆಯೂ ಇಲ್ಲ. ಹನುಮಂತರಾಯಪ್ಪ ಮಾತ್ರ ಒಂದಿಷ್ಟೂ ಕದಲದೆ, ಭಾವನ ಠೀವಿಯಲ್ಲೇ ಕೊರಳ ಕರವಸ್ತ್ರ ಬಿಚ್ಚಿ, ಹಲ್ಲುಗಳನ್ನು ಅದರಲ್ಲಿ ಹೂವಿನಂತೆ ಎತ್ತಿಕೊಂಡು, ಮೆಟ್ಟಿಲಿಳಿದು ಹೋಗಿ ಒಡೆಯರ ಅಂಗೈಯಲ್ಲಿಟ್ಟರು. ಆ ಹಿರಿಯರು ಬೊಚ್ಚುಬಾಯಲ್ಲಿ ನಕ್ಕ ನಗೆಯನ್ನು ಕಂಡು, ನಾಯಕಿಯರಿಗೂ ಭಾವ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲವೆಂದು ಜನ ವರ್ಷಗಟ್ಟಲೆ ಹೇಳಿಕೊಂಡರು.

ಅದೇ ಕಾಲದಲ್ಲಿ ಕೆಲಸದ ರೀತಿಯೂ ಬದಲಾಯಿತು. ಹನ್ನೆರಡು ಜನ ವಾದ್ಯಗಾರರಿದ್ದ ಕಡೆ ನಾಲ್ವರು ಉಳಿದರು. ಮಿಕ್ಕ ಸಂಗೀತವೆಲ್ಲ ಸೀಡಿಯಿಂದ ಬರತೊಡಗಿತು. ವಾದ್ಯಗಾರರು ತಪ್ಪಿದರೆ ಕಣ್ಣು ಬಿಟ್ಟು ಗದರಿಸಬಹುದು. ಸೀಡಿಗೆ ಕಣ್ಣು ಬಿಟ್ಟು ಪ್ರಯೋಜನವಿಲ್ಲ. ಒಮ್ಮೆ ಹನುಮಂತರಾಯಪ್ಪ ಕುತ್ತಿಗೆ ತಿರುಗಿಸಿದ ಕ್ಷಣಕ್ಕೆ ಸೀಡಿ ಸಿಕ್ಕಿಕೊಂಡು, ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸಹತ್ತಿತು. ಸಂಗೀತ ಮುಂದುವರಿಯದೆ ಭಾವ ಹುಬ್ಬು ಇಳಿಸುವಂತಿಲ್ಲ. ಅವರು ಹಾಗೆಯೇ ನಿಂತರು. ಗೋವಿಂದಣ್ಣ ಯಂತ್ರವನ್ನು ತಟ್ಟಿದರು, ಊದಿದರು, ಅದರ ತಾಯಿಯನ್ನು ನೆನೆದರು. ನಾನು ಭಾವನ ಹುಬ್ಬಿನ ಮಹಿಮೆಯನ್ನು ಕುರಿತು ಐದು ನಿಮಿಷ ನಿರರ್ಗಳವಾಗಿ ಮಾತನಾಡಿದೆ. ಮರುದಿನ ಹೊಂಗೆಮರದ ಕೆಳಗೆ ಹೋಗಿ ನೋಡಿದರೆ ಹನುಮಂತರಾಯಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳುತ್ತ, ರಸ್ತೆಯನ್ನು ನೋಡುತ್ತಿದ್ದರು. ಕುತ್ತಿಗೆ ಈ ಕಡೆಗೆ ಬರುತ್ತಿರಲಿಲ್ಲ. ಅವರ ಹೆಂಡತಿ ಪುಟ್ಟಮ್ಮ ಬಿಸಿ ಎಣ್ಣೆ ಹಚ್ಚುತ್ತ, “ಇದ್ದಿಲು ಸುಟ್ಟಿದ್ಕಿಂತ ಆ ಭಾವ ಸುಟ್ಟಿದ್ದೇ ಜಾಸ್ತಿ ಆಯ್ತು ಮಿಸ್” ಎಂದರು.

ನಿಜವಾದ ಭಾವನನ್ನು ನಾನು ಹತ್ತಿರದಿಂದ ನೋಡಿದ್ದು ಒಂದೇ ಸಲ. ವಿಜಯನಗರದ ಒಂದು ಮೈದಾನದಲ್ಲಿ ಅವರಿಗೆ ಸನ್ಮಾನವಿತ್ತು. ಕಾರಿನಿಂದ ಮೊದಲು ಒಂದು ಊರುಗೋಲು ಇಳಿಯಿತು, ಆಮೇಲೆ ಭಾವ. ಬೆನ್ನು ಬಾಗಿತ್ತು; ತಲೆ ಹತ್ತಿಯ ಹೊಲವಾಗಿತ್ತು. ಸಂಪ್ರದಾಯದಂತೆ ನಮ್ಮ ಜೂನಿಯರ್ ಭಾವ ಕಪ್ಪು ವಿಗ್ಗಿನಲ್ಲಿ, ಗರಿಗರಿ ಅಂಗಿಯಲ್ಲಿ ಅವರನ್ನು ಎದುರುಗೊಂಡರು. ಮೂವತ್ತೆರಡರ ಭಾವ ಎಪ್ಪತ್ತೆರಡರ ಭಾವನಿಗೆ ಹಾರ ಹಾಕಿದ ಆ ಕ್ಷಣದಲ್ಲಿ ಯಾರ ಕಡೆ ನೋಡಬೇಕೆಂದು ಜನಕ್ಕೆ ತಿಳಿಯಲಿಲ್ಲ. ಟೆನ್ನಿಸ್ ಪಂದ್ಯ ನೋಡುವವರಂತೆ ಮೈದಾನದ ತಲೆಗಳೆಲ್ಲ ಅತ್ತಿಂದಿತ್ತ ತಿರುಗಿದವು. ಪಾಪಣ್ಣನಿಗೆ ಸಿಟ್ಟು. “ಕೋಲ್ ಯಾಕ್ ತಂದ್ರು? ಕಾರಲ್ಲೇ ಇಟ್ಟು ಬರ್ಬೋದಿತ್ತಲ್ವಾ?”

ಮೈಕು ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನಾದುದರಿಂದ ಅವರಿಬ್ಬರ ಮಾತು ನನಗೆ ಮಾತ್ರ ಕೇಳಿಸಿತು. ಭಾವ ಹನುಮಂತರಾಯಪ್ಪನವರನ್ನು ಮೇಲಿಂದ ಕೆಳಗೆ ನೋಡಿ, “ಏನಯ್ಯ, ನಾನು ಇಷ್ಟು ಚೆನ್ನಾಗಿದ್ನಾ?” ಎಂದರು.

“ಇದ್ರಿ ಭಾವ.”

“ಮತ್ತೆ ಆವಾಗ ಯಾರೂ ಹೇಳ್ಲೇ ಇಲ್ವಲ್ಲಯ್ಯ!” ಆಮೇಲೆ ಧ್ವನಿ ತಗ್ಗಿಸಿ, “ಮಂಡಿ ಹೆಂಗಿದೆ ನಿಂದು?” ಎಂದು ಕೇಳಿದರು.

“ನೋಯ್ತದೆ ಭಾವ.”

“ನಂದೂ ಅಷ್ಟೇ. ಇವ್ರಿಗ್ ಮಾತ್ರ ಹೇಳ್ಬೇಡ ಕಣಯ್ಯ. ಪಾಪ, ಬೇಜಾರ್ ಮಾಡ್ಕೋತಾರೆ.”

ಹನುಮಂತರಾಯಪ್ಪ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಂದಿನಿಂದ ಅವರ ಹುಬ್ಬು ಇನ್ನೂ ಒಂದು ನೂಲು ಮೇಲೇರುತ್ತಿತ್ತು. ಸಾಕ್ಷಾತ್ ಭಾವನೇ ಗುಟ್ಟು ಕೊಟ್ಟು ಕಾಯಲು ಹೇಳಿದ್ದರಲ್ಲ!

ಎರಡು ವರ್ಷಗಳ ತರುವಾಯ ಒಂದು ಬೆಳಗ್ಗೆ ಟೀವಿಯಲ್ಲಿ ಸುದ್ದಿ ಬಂತು. ಭಾವ ತೀರಿಕೊಂಡಿದ್ದರು. ಕಾಯಿಲೆಯಿಂದ, ಮನೆಯಲ್ಲಿ, ನಿದ್ದೆಯಲ್ಲಿ.

ಅಂತಿಮ ದರ್ಶನಕ್ಕೆ ಹೋದವರು ಹೋದರು. ಆ ನೂಕುನುಗ್ಗಲಿಗೆ ಹೋಗಲಾರದ ವಯಸ್ಸಿನವರೇ ನಮ್ಮ ಕಡೆ ಹೆಚ್ಚಾಗಿದ್ದರು. ಅವರೆಲ್ಲ ಎಲ್ಲಿಗೆ ಹೋದರೆಂದು ಊಹಿಸಿ ನೋಡಿ. ಮಾರೇನಹಳ್ಳಿಯ ಹೊಂಗೆಮರದ ಕೆಳಕ್ಕೆ! ನಾನು ತಲುಪಿದಾಗ ಇಸ್ತ್ರಿ ಗಾಡಿಯ ಮುಂದೆ ಸಾಲು ಬೆಳೆದಿತ್ತು. ಹನುಮಂತರಾಯಪ್ಪ ತಲೆ ತಗ್ಗಿಸಿ ಯಾರದೋ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಲೇ ಇದ್ದರು. ಜನ ಒಬ್ಬೊಬ್ಬರಾಗಿ ಬಂದು, ಮುಖ ನೋಡಿ, ಕೈಮುಗಿದು, ಗಾಡಿಗೆ ಒಂದು ಸುತ್ತು ಬಂದು ಹೋಗುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪಾಪಣ್ಣ ಆಟೋದಿಂದ ಒಂದು ಆಳುದ್ದದ ಸುಗಂಧರಾಜದ ಹಾರ ಇಳಿಸಿಕೊಂಡು ಬಂದು, ಬಿಕ್ಕುತ್ತ, ಅವರ ಕೊರಳಿಗೆ ಹಾಕಿಯೇಬಿಟ್ಟರು. ಇನ್ನೊಬ್ಬರು ಇದ್ದಿಲ ಕೆಂಡದಲ್ಲೇ ಊದುಬತ್ತಿ ಹಚ್ಚಿದರು.

ಪುಟ್ಟಮ್ಮ ಗಾಡಿಯ ಹಿಂದಿನ ಮನೆಯೊಳಗಿನಿಂದ ಪೊರಕೆ ಸಮೇತ ಬಂದರು. “ಏಯ್! ಜೀವಂತ್ವಾಗಿರೋ ನನ್ ಗಂಡಂಗೆ ಹಾರ ಹಾಕಿ ಊದ್‌ಬತ್ತಿ ಹಚ್ತೀರಾ? ನಿಮ್ ಭಾವ ಸತ್ರೆ ನಮ್ಮನೇವ್ರೇನ್ರೋ ಮಾಡಿದ್ರು?”

“ಅತ್ತಿಗೆ, ಮುಖ ಒಂದೇ ಅಲ್ವಾ…” ಎಂದರು ಪಾಪಣ್ಣ.

“ಮುಖ ಒಂದೇ ಆದ್ರೆ ಉಸ್ರೂ ಒಂದೇನೇನ್ರೋ?”

ಪೊರಕೆಗೆ ಹೆದರಿ ಜನ ಚದುರಿದರು. ನಾಲ್ಕು ಹೆಜ್ಜೆ ಹೋಗಿ ಅಲ್ಲಿಂದಲೇ ಮತ್ತೊಮ್ಮೆ ಕೈಮುಗಿದರು. ನಗಬಾರದ ಹೊತ್ತಿನಲ್ಲಿ ನಗು ಬಂದು, ಕೆಮ್ಮಿದಂತೆ ನಟಿಸಿ ಬಚಾವಾದೆ.

ಸಂಜೆ ಮಾರೇನಹಳ್ಳಿಯ ವೃತ್ತದಲ್ಲಿ ಶ್ರದ್ಧಾಂಜಲಿ ಸಭೆ. ಎರಡು ನಿಮಿಷದ ಮೌನವನ್ನು ಘೋಷಿಸಿದವಳು ನಾನು. ಇಲ್ಲಿ ನನ್ನ ಇನ್ನೊಂದು ಪ್ರಮಾದವನ್ನು ದಾಖಲಿಸಬೇಕು. ಸಾರ್ವಜನಿಕ ಸಭೆಯ ಎರಡು ನಿಮಿಷವೆಂದರೆ ಇಪ್ಪತ್ತೈದು ಸೆಕೆಂಡು. ಈ ಪದ್ಧತಿ ತಿಳಿಯದೆ ನಾನು ಕೈಗಡಿಯಾರ ನೋಡಿಕೊಂಡು ಪೂರ್ತಿ ಎರಡು ನಿಮಿಷ ನಿಲ್ಲಿಸಿದೆ. ಅರ್ಧ ನಿಮಿಷಕ್ಕೇ ಜನ ಒಂದು ಕಣ್ಣು ತೆರೆದು ನನ್ನತ್ತ ನೋಡತೊಡಗಿದರು. ಒಂದು ನಿಮಿಷವಾದಾಗ ಪಾಪಣ್ಣನ ಮೊಬೈಲು ಹಾಡಿತು. ರಿಂಗ್‌ಟೋನು ಭಾವನ ಚಿತ್ರದ್ದೇ! ಅದನ್ನು ನಿಲ್ಲಿಸುವುದು ಅವರಿಗೆ ಗೊತ್ತಿರಲಿಲ್ಲ; ಮಗಳು ಕೊಡಿಸಿದ ಫೋನು. ಪಲ್ಲವಿ ಮೊಳಗುತ್ತಲೇ ಹೋಯಿತು. ಇನ್ನೂರು ಜನ ಮೌನವಾಗಿಯೇ ಇದ್ದರು, ಆದರೆ ಇನ್ನೂರು ಜೋಡಿ ತುಟಿಗಳು ಅಲುಗುತ್ತಿದ್ದವು. ಚಪ್ಪಲಿಗಳು ತಾಳ ಹಾಕುತ್ತಿದ್ದವು. “ಮೌನಾಚರಣೆ ಮುಕ್ತಾಯವಾಯಿತು” ಎಂದೆ. “ತಡೀರಿ ಮಿಸ್, ಚರಣ ಮುಗೀಲಿ” ಎಂದು ಹಿಂದಿನಿಂದ ಯಾರೋ ಕೂಗಿದರು. ಚರಣ ಮುಗಿಯುವವರೆಗೆ ನಿಂತೆವು.

ಆ ಸಭೆಗೆ ಹನುಮಂತರಾಯಪ್ಪ ಬಂದಿರಲಿಲ್ಲ. ಮರುದಿನ ಗೋವಿಂದಣ್ಣ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋದರು. ವಿಗ್ಗು, ಅಂಗಿ, ಕರವಸ್ತ್ರಗಳನ್ನು ಒಂದು ಚೀಲದಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು.

“ತಗೊಂಡ್ ಹೋಗ್ಬಿಡಿ ಗೋವಿಂದಣ್ಣ. ನಂಗಾಗಲ್ಲ” ಎಂದರು. “ಅವ್ರು ಎಲ್ಲೋ ಒಂದ್ ಕಡೆ ಉಸಿರಾಡ್ತವ್ರೆ ಅಂದಾಗ ವೇಷ ಹಾಕೋದು ತಮಾಷೆ. ಈಗ ಹಾಕಿದ್ರೆ ದೆವ್ವ ಕುಣ್ದಂಗಲ್ವಾ? ಹಾರ ಹಾಕಿದ್ರಲ್ಲ ನಿನ್ನೆ, ಆ ಹೂವಿನ್ ವಾಸ್ನೆ ಇನ್ನೂ ಹೋಗಿಲ್ಲ ಕತ್ತಲ್ಲಿ. ನಂಗೆ ಹೆದ್ರಿಕೆ ಆಗ್ತದೆ.”

“ನೀವಿಲ್ದೆ ಆರ್ಕೆಸ್ಟ್ರಾ ಎಲ್ಲಿದೆಯಪ್ಪಾ? ಜನ ಸೀಡಿ ನೋಡಕ್ ಬರ್ತಾರಾ?” ಎಂದರು ಗೋವಿಂದಣ್ಣ.

ಹನುಮಂತರಾಯಪ್ಪ ನನ್ನತ್ತ ತಿರುಗಿ, “ನೀವೇ ಹೇಳಿ ಮಿಸ್, ಸತ್ತೋರ್ನ ‘ಇಗೋ ಬಂದ್ರು’ ಅಂತ ನೀವು ಕರೀತೀರಾ?” ಎಂದು ಕೇಳಿದರು.

ನಾನು ಬಾಗಿಲ ಬಳಿಯ ಚೀಲವನ್ನು ಎತ್ತಿ ಗೋವಿಂದಣ್ಣನ ಕೈಗೆ ಕೊಟ್ಟೆ.

ಹನ್ನೊಂದನೆಯ ದಿನ ಮೂಡಲಪಾಳ್ಯದ ಸಂಘದವರು ತಮ್ಮದೇ ಒಂದು ತಿಥಿ ಮಾಡಿದರು. ಸಂಬಂಧದಲ್ಲಿ ಭಾವನಾದ ಮೇಲೆ ಬಾಮೈದುನರಿಗೂ ಜವಾಬ್ದಾರಿ ಇದೆಯೆಂಬುದು ಅವರ ವಾದ. ಮೈದಾನದಲ್ಲಿ ಭಾವನ ಪಟ, ಅದರ ಮುಂದೆ ಅಗಲವಾದ ಬಾಳೆಲೆಯಲ್ಲಿ ಎಡೆ: ಮುದ್ದೆ, ಕೋಳಿಸಾರು, ಒಬ್ಬಟ್ಟು, ಕೋಡುಬಳೆ. ನಡುಹಗಲಿನ ಬಿಸಿಲು. ಸುತ್ತ ಮುನ್ನೂರು ಜನ. ಪದ್ಧತಿಯಂತೆ ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಸತ್ತವರು ತೃಪ್ತರಾದರೆಂದು ಅರ್ಥ. ಆಮೇಲೆಯೇ ಉಳಿದವರಿಗೆ ಊಟ. ಹನುಮಂತರಾಯಪ್ಪನೂ ಬಂದಿದ್ದರು. ಆದರೆ ವಿಗ್ಗಿಲ್ಲ, ಬಣ್ಣವಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ವೇಷವಿಲ್ಲದ ಅವರನ್ನು ದಿನವೂ ಗಾಡಿಯ ಬಳಿ ನೋಡುತ್ತಿದ್ದ ಜನರೂ ಅಂದು ಮೊದಲ ಸಲ ನೋಡಿದವರಂತೆ ನೋಡಿದರು.

ಕಾಗೆ ಬರಲಿಲ್ಲ. ಅರ್ಧ ಗಂಟೆಯಾಯಿತು, ಬರಲಿಲ್ಲ. ಜನ ಭಾವನ ಅತೃಪ್ತಿಯ ಕಾರಣ ಹುಡುಕತೊಡಗಿದರು.

“ಕಾಫಿ ಇಟ್ಟಿಲ್ಲ ಕಣ್ರೋ, ಅವ್ರಿಗೆ ಕಾಫಿ ಪ್ರಾಣ!” ಕಾಫಿ ಬಂತು.

“ಶುಗರ್ ಇತ್ತಲ್ವಾ ಅವ್ರಿಗೆ? ಒಬ್ಬಟ್ಟು ನೋಡಿ ಹೆದ್ರವ್ರೆ, ತೆಗೀರೋ!” ಒಬ್ಬಟ್ಟನ್ನು ತೆಗೆದರು.

“ಕಾಫಿಗೂ ಸಕ್ಕರೆ ಹಾಕವ್ನೆ ನೋಡು, ಮುಠ್ಠಾಳ!” ಕಾಫಿಯನ್ನು ಬದಲಿಸಿದರು.

ಮುನ್ನೂರು ಜನ ಸುತ್ತ ನಿಂತು ಕೂಗಾಡುತ್ತಿದ್ದರೆ ಯಾವ ಕಾಗೆಗೆ ಧೈರ್ಯ ಬರುತ್ತದೆಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಪಾಪಣ್ಣ ಪಟದ ಮುಂದೆ ಮಂಡಿಯೂರಿ ಕುಳಿತರು. “ಏನ್ ಬಾಕಿ ಇದೆ ಹೇಳು ಭಾವ! ನಮ್ ಮೇಲೆ ಏನ್ ಕೋಪ ನಿಂಗೆ?” ಎಂದು ಗೋಳಾಡಿದರು. ಅಲ್ಲಿಯತನಕ ತಮಾಷೆಯಾಗಿದ್ದುದು ಒಮ್ಮೆಗೇ ತಮಾಷೆಯಾಗಿ ಉಳಿಯಲಿಲ್ಲ.

ಆಗ ಹನುಮಂತರಾಯಪ್ಪ ಮುಂದೆ ಬಂದರು. ಯಾರದೋ ಕೈಯಲ್ಲಿದ್ದ ಕೊಡೆಯನ್ನು ಈಸಿಕೊಂಡರು. ಅದನ್ನು ಊರಿ, ಬೆನ್ನು ಬಾಗಿಸಿ, ಮೆಲ್ಲಮೆಲ್ಲನೆ ಪಟದ ಬಳಿಗೆ ನಡೆದರು. ಹೋಲಿಕೆ ಎಂದರೆ ಅಂಥ ಹೋಲಿಕೆ! ವಿಗ್ಗು ಕಾಡಿಗೆಗಳಲ್ಲಿ ಇಷ್ಟು ವರ್ಷ ಅರ್ಧದಷ್ಟೂ ಬಂದಿರಲಿಲ್ಲ. ವಿಜಯನಗರದ ಮೈದಾನದಲ್ಲಿ ಕಾರಿನಿಂದಿಳಿದ ಭಾವನೇ ಇಲ್ಲಿ ನಡೆದು ಬಂದಿದ್ದರು. ಅವರು ಪಾಪಣ್ಣನ ಭುಜ ಮುಟ್ಟಿ, ಆ ಮುದಿ ಕಂಠದಲ್ಲೇ, “ಮಂಡಿ ಹೆಂಗಿದೆ ನಿಂದು?” ಎಂದು ಕೇಳಿದರು.

ಪಾಪಣ್ಣ ತಲೆಯೆತ್ತಿದರು. “ನೋ… ನೋಯ್ತದೆ ಭಾವ.”

“ನಂದೂ ಅಷ್ಟೇ. ಇವ್ರಿಗ್ ಮಾತ್ರ ಹೇಳ್ಬೇಡ ಕಣಯ್ಯ. ಪಾಪ, ಬೇಜಾರ್ ಮಾಡ್ಕೋತಾರೆ.” ಆಮೇಲೆ ಬೆನ್ನು ನೆಟ್ಟಗೆ ಮಾಡಿ, ತಮ್ಮದೇ ಧ್ವನಿಯಲ್ಲಿ, “ಅವತ್ತು ಭಾವ ನಂಗೆ ಹೇಳಿದ್ದು ಇದೇ ಕಣ್ರಪ್ಪಾ. ಯಾರಿಗೂ ಹೇಳ್ಬೇಡ ಅಂದಿದ್ರು. ಇವತ್ತು ಮಾತು ಮುರ್ದೆ” ಎಂದರು.

ಪಾಪಣ್ಣ, “ನಮಗ್ ಗೊತ್ತಿತ್ತಪ್ಪಾ” ಎಂದರು. “ಕೊನೇ ಪಿಕ್ಚರಲ್ಲಿ ಮೆಟ್ಲು ಹತ್ತೋ ಸೀನಿಗೆ ಕ್ಯಾಮೆರಾ ಆ ಕಡೆ ತಿರುಗಿಸ್ಬಿಟ್ರು. ಥಿಯೇಟರಲ್ಲಿ ನಾವೂ ಮುಖ ಆ ಕಡೆ ತಿರುಗಿಸ್ಕೊಂಡ್ವಿ. ಅವ್ರಿಗ್ ಬೇಜಾರಾಗ್ಬಾರ್ದು ಅಂತ.”

ಆ ಮೇಲಿನ ಮೌನ ಎಷ್ಟು ಹೊತ್ತಿತ್ತೆಂದು ನಾನು ಗಡಿಯಾರ ನೋಡಲಿಲ್ಲ. ಅದನ್ನು ಮುರಿದವರೂ ಪಾಪಣ್ಣನೇ. ಮೂಗೊರೆಸಿಕೊಂಡು, ಕಣ್ಣು ಕಿರಿದಾಗಿಸಿ, “ಎಲ್ಲಾ ಸರಿ ಹನುಮಂತಣ್ಣ, ನಡಿಗೆ ಕರೆಕ್ಟು. ಕೆಮ್ಮು ಬಿಟ್ಬಿಟ್ಟೆ” ಎಂದರು.

“ಯಾವ ಕೆಮ್ಮು?”

“ಮಾತು ಶುರು ಮಾಡೋಕ್ ಮುಂಚೆ ಒಂದ್ ಕೆಮ್ಮು ಕೆಮ್ಮೋರಲ್ವಾ? ಹಿಂಗೆ.” ಪಾಪಣ್ಣ ಕೆಮ್ಮಿ ತೋರಿಸಿದರು.

“ಥೂ, ಅದು ನಿನ್ ಬೀಡಿ ಕೆಮ್ಮು ಕಣೋ! ಭಾವಂದು ಎರಡು ಸಣ್ಣದು, ಒಂದು ದೊಡ್ದು!” ಎಂದು ಇನ್ನೊಬ್ಬ ಹಿರಿಯರು ಕೆಮ್ಮಿದರು.

“ಇಲ್ಲ ಇಲ್ಲ, ಕರ್ಚೀಫ್ ಅಡ್ಡ ಇಟ್ಕೊಂಡು, ಹಿಂಗೆ!” ಎಂದು ಒಬ್ಬಾಕೆ ಸೆರಗು ಅಡ್ಡ ಹಿಡಿದು ಕೆಮ್ಮಿದರು. ಇಷ್ಟು ವರ್ಷ ನೋಡಿಯೂ ನೋಡದಂತಿದ್ದವರು ಎಷ್ಟು ಕೂಲಂಕಷವಾಗಿ ನೋಡಿಟ್ಟುಕೊಂಡಿದ್ದರು! ಕ್ಷಣಾರ್ಧದಲ್ಲಿ ಮೈದಾನಕ್ಕೆ ಮೈದಾನವೇ ಭಾವನ ಕೊನೆಗಾಲದ ಕೆಮ್ಮನ್ನು ಕೆಮ್ಮುತ್ತಿತ್ತು, ಒಬ್ಬರನ್ನೊಬ್ಬರು ತಿದ್ದುತ್ತಿತ್ತು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿತ್ತು. ತಿಥಿಮನೆಯಲ್ಲಿ ಯಾರೋ “ಒನ್ಸ್ ಮೋರ್!” ಎಂದೂ ಕೂಗಿದರು. ಮೈದಾನದ ಅಂಚಿನ ಹುಣಸೆಮರದಲ್ಲಿ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದ ಕಾಗೆಗಳೆಲ್ಲ ಗಾಬರಿಯಿಂದ ಎದ್ದು ಆಕಾಶದಲ್ಲಿ ಸುತ್ತಿದವು. ಅವುಗಳ ಕಡೆ ಯಾರಿಗೂ ಗಮನವಿರಲಿಲ್ಲ.

ಹನುಮಂತರಾಯಪ್ಪ ನಡುವೆ ನಿಂತು, ಎಲ್ಲರ ಕೆಮ್ಮನ್ನೂ ಒಂದೊಂದಾಗಿ ಗಂಟಲಲ್ಲಿ ಇಳಿಸಿಕೊಂಡು ಪರೀಕ್ಷಿಸುತ್ತಿದ್ದರು. ಎರಡು ಸಣ್ಣದು, ಒಂದು ದೊಡ್ಡದು. ಮೂರನೆಯ ಪ್ರಯತ್ನಕ್ಕೆ ಸರಿಯಾಗಿ ಬಂತು; ಜನ ಹೋ ಎಂದರು. ಅವರು ಕೊಡೆಯನ್ನು ಬಗಲಲ್ಲಿ ಇರುಕಿಕೊಂಡು ಗೋವಿಂದಣ್ಣನನ್ನು ಹುಡುಕಿದರು. ಕಾಣಲಿಲ್ಲ. ಕಾಣಿಸಿದ್ದು ನಾನು.

“ಮಿಸ್, ಭಾನ್ವಾರ ಕೆಂಗೇರೀಲಿ ಪ್ರೋಗ್ರಾಂ ಇದ್ಯಂತಲ್ಲ? ಎಷ್ಟೊತ್ತಿಗ್ ಬರ್ಲಿ?”